ಬೀನ್ಸಿಗೆ ಎಷ್ಟು ಎಣ್ಣೆ?

ನಾಲ್ಕು ವರ್ಷ ಅಥೆನ್ಸಿನಲ್ಲಿ ಇದ್ದು ಬಂದವಳು ಅಂತ ಗೊತ್ತಾದರೆ ಅಕ್ರೊಪೊಲಿಸ್ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. "ಡಾಕ್ಟ್ರು ಮೆಡಿಟರೇನಿಯನ್ ಊಟ ಮಾಡಿ ಅಂದಿದ್ದಾರೆ. ಏನೇನು ಸಾಮಾನು ತರ್ಬೇಕು, ಸ್ವಲ್ಪ ಬರೆದು ಕಳಿಸ್ತೀರಾ?" ಎಲ್ಲರದೂ ಇದೇ ಪ್ರಶ್ನೆ. ಹೋದ ತಿಂಗಳು ನಮ್ಮತ್ತಿಗೆಯ ಸರದಿ. ಪಾಪ, ಪೆನ್ನು ಹಿಡಿದುಕೊಂಡೇ ಫೋನು ಮಾಡಿದ್ದರು. ಪಟ್ಟಿಯಲ್ಲಿ ಆಗಲೇ ಕೀನ್ವಾ, ಅವಕಾಡೊ, ಡಬ್ಬಿಯ ಹಮ್ಮಸ್ ಇದ್ದವು. ಕೀನ್ವಾ ಆಂಡೀಸ್ ಪರ್ವತದ ಕಡೆಯ ಬೆಳೆ, ಅವಕಾಡೊ ಮೆಕ್ಸಿಕೊ ಕಡೆಯದು. ನಾನಿದ್ದ, ಅಥೆನ್ಸಿನ ಕಿಪ್ಸೆಲಿ ಬಡಾವಣೆಯ ಬೀದಿಯಲ್ಲಿ ಯಾರ ಒಲೆಯ ಮೇಲೂ ಅವೆರಡನ್ನು ಕಂಡ ನೆನಪಿಲ್ಲ.

ಮೆಡಿಟರೇನಿಯನ್ ಸಮುದ್ರದ ಸುತ್ತ ಇಪ್ಪತ್ತಕ್ಕೂ ಹೆಚ್ಚು ದೇಶಗಳಿವೆ. ಮೊರೊಕ್ಕೊದವರ ಊಟ ಬೇರೆ, ಲೆಬನಾನಿನವರದು ಬೇರೆ. ನನಗೆ ಗೊತ್ತಿರುವುದು ಅಥೆನ್ಸಿನ ಒಂದು ಕಟ್ಟಡದ ನೆಲಮಹಡಿಯ ಅಡುಗೆಮನೆ, ಅಲ್ಲಿದ್ದ ಒಬ್ಬ ಅಜ್ಜಿ. ನಾವೆಲ್ಲ ಅವರನ್ನು ‘ಯಾಯಾ’ ಅನ್ನುತ್ತಿದ್ದೆವು. ಗ್ರೀಕಿನಲ್ಲಿ ಅಜ್ಜಿ ಅಂತಲೇ ಅರ್ಥ.

ಅಥೆನ್ಸಿನಲ್ಲಿ ಒಂದೊಂದು ಬಡಾವಣೆಗೆ ವಾರಕ್ಕೊಂದು ಸಂತೆ, ಬೀದಿಯನ್ನೇ ಮುಚ್ಚಿ ನಡೆಸುತ್ತಾರೆ. ಆ ಸಂತೆಗೆ ‘ಲಾಯ್ಕಿ’ ಅನ್ನುತ್ತಾರೆ. ಕುಂದಾಪುರದವಳಿಗೆ ಇದಕ್ಕಿಂತ ಲಾಯ್ಕಿನ ಹೆಸರು ಬೇಕಾ! ಮೊದಲ ಬೇಸಿಗೆಯಲ್ಲಿ ಯಾಯಾ ಜೊತೆ ಹೋದಾಗ ಅವರು ಒಂದು ಕಟ್ಟು ಸೊಪ್ಪು ಎತ್ತಿ ‘ವ್ಲಿತಾ’ ಅಂದರು. ನೋಡಿದರೆ ನಮ್ಮ ಹರಿವೆ. ಮೈಸೂರು ಕಡೆಯವರ ದಂಟು, ಕೀರೆಯ ಕುಲದ್ದೇ. ಪಕ್ಕದಲ್ಲಿ ಗೋಣಿಸೊಪ್ಪು, ಅದನ್ನು ಅವರು ಹಸಿಯಾಗಿ ಸೌತೆಕಾಯಿ, ಟೊಮೇಟೊ ಜೊತೆ ಕಲಸುತ್ತಾರೆ. ಮತ್ತೊಂದು ಗುಡ್ಡೆಯಲ್ಲಿ ಎಳೆ ಅಲಸಂಡೆ. ಮೂರು ಸಾವಿರಕ್ಕೂ ಹೆಚ್ಚು ಮೈಲಿ ಹಾರಿ ಬಂದದ್ದು ಇದಕ್ಕಾ ಅನ್ನಿಸಿತ್ತು.

ಸಾಮಾನಿನ ಪಟ್ಟಿ ಕೇಳಬೇಡಿ ಅನ್ನುವುದು ಇದಕ್ಕೇ. ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊ, ಬದನೆ, ಬೀನ್ಸು, ಕಾಬೂಲಿ ಕಡಲೆ, ಚನ್ನಂಗಿ, ಸೊಪ್ಪು, ನಿಂಬೆಹಣ್ಣು ನಿಮ್ಮ ಮನೆಯಲ್ಲೇ ಇವೆ. ಕೇಳಬೇಕಾದದ್ದು ಎಣ್ಣೆಯ ವಿಷಯ.

ನಮಗೆ ಎಣ್ಣೆ ಅಂದರೆ ಒಗ್ಗರಣೆ, ಇಲ್ಲವೇ ಕರಿಯುವುದಕ್ಕೆ. ಸಾರಿನ ಮೇಲೆ ಎರಡು ಚಮಚ ಚುರ್ ಅನ್ನಿಸಿದರೆ ಅದರ ಕೆಲಸ ಮುಗಿಯಿತು. ಅಲ್ಲಿ ಎಣ್ಣೆಯೇ ಅಡುಗೆಯ ರಸ. ‘ಲಾದೆರಾ’ ಅಂತ ಅವರದೊಂದು ಅಡುಗೆಯ ಜಾತಿಯೇ ಇದೆ, ಎಣ್ಣೆಯಲ್ಲಿ ಬೆಂದದ್ದು ಅಂತ ಅರ್ಥ. ಬೆಂಡೆ, ಬದನೆ, ಬಟಾಣಿ, ಬೀನ್ಸು ಎಲ್ಲ ಅದರಲ್ಲಿ ಬರುತ್ತವೆ. ನಾನು ಮೊದಲು ಕಲಿತದ್ದು ಬೀನ್ಸಿನ ‘ಫಾಸೊಲಾಕಿಯಾ’.

ಅರ್ಧ ಕಿಲೋ ಬೀನ್ಸಿಗೆ 100 ಎಂಎಲ್ ಆಲಿವ್ ಎಣ್ಣೆ. ಹೌದು, ಸರಿಯಾಗಿಯೇ ಓದಿದಿರಿ. ಎರಡು ಈರುಳ್ಳಿ ಹೆಚ್ಚಿ ಸಣ್ಣ ಉರಿಯಲ್ಲಿ ಆ ಎಣ್ಣೆಯಲ್ಲಿ ಮೆತ್ತಗಾಗಲು ಬಿಡಬೇಕು, ಕೆಂಪಗಾಗಬಾರದು. ನಾಲ್ಕೆಸಳು ಬೆಳ್ಳುಳ್ಳಿ, ತುದಿ ಮುರಿದ ಇಡೀ ಬೀನ್ಸು, ದೊಡ್ಡ ಹೋಳು ಮಾಡಿದ ಒಂದು ಆಲೂಗಡ್ಡೆ ಹಾಕಿ ಐದು ನಿಮಿಷ ಕೈಯಾಡಿಸಿ. ನಾಲ್ಕು ಟೊಮೇಟೊ ಅಡ್ಡಡ್ಡ ಕತ್ತರಿಸಿ, ಕೊಯ್ದ ಬದಿಯನ್ನು ತುರಿಮಣೆಗೆ ತಿಕ್ಕಿದರೆ ತಿರುಳೆಲ್ಲ ಕೆಳಗೆ ಬಿದ್ದು ಸಿಪ್ಪೆ ಕೈಯಲ್ಲೇ ಉಳಿಯುತ್ತದೆ (ಈ ಒಂದು ಉಪಾಯಕ್ಕಾಗಿಯೇ ನಾಲ್ಕು ವರ್ಷ ಸಾರ್ಥಕ). ಅದನ್ನು ಸುರಿದು, ಉಪ್ಪು, ಒಂದು ಚಿಟಿಕೆ ಸಕ್ಕರೆ, ಅರ್ಧ ಲೋಟ ನೀರು ಹಾಕಿ ಮುಚ್ಚಿ. ಕುಕ್ಕರ್ ಬೇಡ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಲಿ. ಬೀನ್ಸು ಕಟುಂ ಅನ್ನಬಾರದು, ಚಮಚದಲ್ಲಿ ಒತ್ತಿದರೆ ಮುರಿಯಬೇಕು. ಕೊನೆಗೆ ಮುಚ್ಚಳ ತೆಗೆದು ನೀರು ಪೂರ್ತಿ ಆರಿಸಿ. ಪಾತ್ರೆಯಲ್ಲಿ ಎಣ್ಣೆ ಮಾತ್ರ ಉಳಿಯಬೇಕು ಅನ್ನುತ್ತಿದ್ದರು ಯಾಯಾ. ಗೊಜ್ಜು ಎಣ್ಣೆ ಬಿಡುವ ತನಕ ಅನ್ನುತ್ತೇವಲ್ಲ, ಅದೇ ಹದ.

ಆಮೇಲಿನದು ಕಷ್ಟದ ಭಾಗ: ಬಿಸಿ ಬಿಸಿ ತಿನ್ನಬಾರದು. ಒಲೆಯಿಂದ ಇಳಿಸಿ ಉಗುರುಬೆಚ್ಚಗಾಗುವವರೆಗೆ ಬಿಡಿ. ಹೊಗೆಯಾಡುವ ಅನ್ನಕ್ಕೆ ಹೊಗೆಯಾಡುವ ಸಾರು ಸುರಿದುಕೊಳ್ಳುವ ನಮ್ಮ ಬಾಯಿಗೆ ಇದು ಒಗ್ಗಲು ನನಗೇ ವರ್ಷ ಹಿಡಿಯಿತು. ಆದರೆ ಟೊಮೇಟೊ ಮತ್ತು ಎಣ್ಣೆಯ ರುಚಿ ಒಂದಾಗುವುದು ಆರಿದ ಮೇಲೆಯೇ. ತಟ್ಟೆಯಲ್ಲಿ ಉಳಿದ ಕೆಂಪು ಎಣ್ಣೆಯನ್ನು ಬ್ರೆಡ್ಡಿನಲ್ಲಿ ಒರೆಸಿ ತಿನ್ನುವುದಕ್ಕೆ ‘ಪಪಾರಾ’ ಅಂತ ಹೆಸರು. ಚಪಾತಿಯಲ್ಲೂ ಒರೆಸಬಹುದು, ಮರ್ಯಾದೆಯೇನೂ ಹೋಗುವುದಿಲ್ಲ.

"ಅಷ್ಟು ಎಣ್ಣೆಯಾ? ಆರೋಗ್ಯದ ಊಟ ಅಂದಿದ್ರಲ್ಲ!" ಅತ್ತಿಗೆ ಪೆನ್ನು ಕೆಳಗಿಟ್ಟದ್ದು ಫೋನಿನಲ್ಲೇ ಕೇಳಿಸಿತು. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 25 ಎಂಎಲ್. ಪಕ್ಕದಲ್ಲಿ ಕರಿದ ಹಪ್ಪಳ, ಕಾಯಿ, ತುಪ್ಪ ಯಾವುದೂ ಇಲ್ಲ, ಊಟ ಅಂದರೆ ಇದೊಂದೇ. ಆದರೂ ಡಾಕ್ಟರು ಎಣ್ಣೆಗೆ ಲೆಕ್ಕ ಹಾಕಿಕೊಟ್ಟಿದ್ದರೆ ಅವರ ಮಾತೇ ನಡೆಯಲಿ, ನನ್ನದಲ್ಲ. ಈ ಊಟಕ್ಕೆ ಹೆಸರು ತಂದವರು ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿ. 1958ರಲ್ಲಿ ಶುರುವಾದ ಏಳು ದೇಶಗಳ ಅಧ್ಯಯನದಲ್ಲಿ ಕ್ರೀಟ್ ದ್ವೀಪದ ಗಂಡಸರಿಗೆ ಹೃದಯದ ಕಾಯಿಲೆ ತೀರಾ ಕಡಿಮೆ ಅಂತ ಕಂಡಿತು. ಕೀಸ್ ಆಮೇಲೆ ದಕ್ಷಿಣ ಇಟಲಿಯ ಪಿಯೊಪ್ಪಿ ಎಂಬ ಹಳ್ಳಿಯಲ್ಲಿ ಮನೆ ಮಾಡಿದರು, 2004ರಲ್ಲಿ ತೀರಿಕೊಂಡಾಗ ಅವರಿಗೆ ನೂರು ವರ್ಷ. ಆದರೆ ಕ್ರೀಟಿನ ಆ ಗಂಡಸರು ದಿನವಿಡೀ ಗುಡ್ಡ ಹತ್ತಿಳಿದು ಹೊಲದಲ್ಲಿ ದುಡಿಯುವ ಬಡ ರೈತರು. ಸೋಫಾದಲ್ಲಿ ಕೂತು ಅವರ ಎಣ್ಣೆಯನ್ನಷ್ಟೇ ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ ಅಂತ ನನಗನ್ನಿಸುತ್ತದೆ. 2010ರಲ್ಲಿ ಯುನೆಸ್ಕೊ ಈ ಊಟವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಾದ ಮೇಲೂ ಯಾಯಾ ತಾನು ‘ಮೆಡಿಟರೇನಿಯನ್ ಡಯಟ್’ ಮಾಡುತ್ತಿದ್ದೇನೆ ಅಂತ ಒಮ್ಮೆಯೂ ಹೇಳಿದ್ದು ಕೇಳಲಿಲ್ಲ.

ಅವರು ಹೇಳುತ್ತಿದ್ದದ್ದು ‘ಇವತ್ತು ಉಪವಾಸ’ ಅಂತ. ಕಾಳು ತರಕಾರಿಗೆ ಅಷ್ಟು ಮಾನ ಬರುವುದಕ್ಕೆ ಬಡತನದಷ್ಟೇ ದೊಡ್ಡ ಕಾರಣ ಅವರ ಇಗರ್ಜಿಯ ಕ್ಯಾಲೆಂಡರು. ಬುಧವಾರ, ಶುಕ್ರವಾರ, ಈಸ್ಟರಿಗೆ ಮುಂಚಿನ ವಾರಗಳು, ಕ್ರಿಸ್‌ಮಸ್‌ಗೆ ಮುಂಚಿನ ನಲವತ್ತು ದಿನ ಅಂತ ಸೇರಿಸುತ್ತ ಹೋದರೆ ಹತ್ತಿರ ಹತ್ತಿರ ಅರ್ಧ ವರ್ಷ ಮಾಂಸ, ಮೊಟ್ಟೆ, ಹಾಲು ಇಲ್ಲ. ಕಟ್ಟುನಿಟ್ಟಿನವರು ಕೆಲವು ದಿನ ಎಣ್ಣೆಯನ್ನೂ ಮುಟ್ಟುವುದಿಲ್ಲ. ಉಪವಾಸದ ಅಡುಗೆಗೆ ‘ನಿಸ್ತೀಸಿಮೊ’ ಅನ್ನುತ್ತಾರೆ. ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆಯ ಮಾತಿಲ್ಲ ಅಂದುಕೊಂಡು ಮೊದಲ ವರ್ಷ ಒಂದು ಹೋಟೆಲಿನಲ್ಲಿ ಜಂಬದಿಂದ ಹೇಳಿದೆ. ತಟ್ಟೆಯಲ್ಲಿ ಆಕ್ಟೋಪಸ್ಸಿನ ಕಾಲು ಬಂತು. ರಕ್ತವಿಲ್ಲದ್ದು ಅಂತ ಆಕ್ಟೋಪಸ್, ಸಿಗಡಿ, ಬೊಂಡಾಸ್ ಅವರ ಉಪವಾಸಕ್ಕೆ ನಡೆಯುತ್ತವಂತೆ. ಕುಂದಾಪುರದಲ್ಲಿ ಹುಟ್ಟಿಯೂ ಮೀನು ತಿನ್ನದ ನನ್ನ ಮುಖ ಆಗ ಹೇಗಿತ್ತೋ!

ಉಪವಾಸದ ಅಡುಗೆಯಲ್ಲಿ ನನಗೆ ಅತಿ ಇಷ್ಟ ಸಿಫ್ನೋಸ್ ದ್ವೀಪದ ‘ರೆವಿಥಾದಾ’. ನೆನೆಸಿದ ಕಾಬೂಲಿ ಕಡಲೆ, ಈರುಳ್ಳಿ, ಪಲಾವಿನ ಎಲೆಯಂಥ ಒಂದು ಎಲೆ, ಎಣ್ಣೆ, ನೀರು. ಇಷ್ಟೇ. ಮಣ್ಣಿನ ಮಡಕೆಯಲ್ಲಿ ಶನಿವಾರ ಸಂಜೆ ಕಟ್ಟಿಗೆಯ ಒಲೆಗೂಡಿಗೆ ಇಟ್ಟರೆ ಭಾನುವಾರ ಇಗರ್ಜಿ ಮುಗಿಸಿ ಬಂದು ತೆಗೆಯುತ್ತಾರೆ. ಮೇಲೆ ನಿಂಬೆಹುಳಿ. ನಮ್ಮ ಸಣ್ಣ ನಿಂಬೆ ಅವರದಕ್ಕಿಂತ ಖಡಕ್ಕು, ಅರ್ಧ ಸಾಕು. ಚನ್ನಂಗಿ ಕಾಳಿನ ಸಾರು ‘ಫಾಕೆಸ್’ ಇದಕ್ಕಿಂತ ಸುಲಭ. ಬಡಿಸಿದ ಮೇಲೆ ತಟ್ಟೆಯಲ್ಲೇ ಒಂದು ಚಮಚ ದ್ರಾಕ್ಷಿಯ ವಿನೆಗರ್. ನಮ್ಮ ಅಂಗಡಿಯ ಸಿಂಥೆಟಿಕ್ ವಿನೆಗರ್ ದಯವಿಟ್ಟು ಬೇಡ.

ಹರಿವೆಯನ್ನಂತೂ ಉಪ್ಪುನೀರಲ್ಲಿ ಬೇಯಿಸಿ, ಬಸಿದು, ಮೇಲೆ ಎಣ್ಣೆ ನಿಂಬೆ ಹಾಕಿ ತಿನ್ನುತ್ತಾರೆ. ಮಂಡ್ಯದ ನಮ್ಮತ್ತೆಗೆ ವೀಡಿಯೊ ಕಾಲಿನಲ್ಲಿ ಇದನ್ನು ತೋರಿಸಿದಾಗ ಅವರು ಕೇಳಿದ್ದು ಒಂದೇ: "ಬಸಿದ ನೀರು ಏನ್ ಮಾಡ್ದೆ? ಬಸ್ಸಾರು ಆಗೋದಲ್ವಾ?" ಯಾಯಾ ಆ ನೀರನ್ನು ಚೆಲ್ಲುತ್ತಿರಲಿಲ್ಲ, ನಿಂಬೆ ಹಿಂಡಿ ಲೋಟದಲ್ಲಿ ಕುಡಿಯುತ್ತಿದ್ದರು ಅಂದ ಮೇಲೆ ಅತ್ತೆಗೆ ಗ್ರೀಕರ ಮೇಲೆ ಗೌರವ ಬಂತು.

ಹಾಗಾದರೆ ತರಬೇಕಾದದ್ದು ಏನೂ ಇಲ್ಲವಾ? ಎಣ್ಣೆ ಇದೆ. ಸೊಪ್ಪಿನ ಮೇಲೆ ಹಸಿಯಾಗಿ ಸುರಿಯುವುದಕ್ಕೆ ಎಕ್ಸ್‌ಟ್ರಾ ವರ್ಜಿನ್ನೇ ಬೇಕು, ಕಪ್ಪು ಬಾಟಲಿಯದು, ಸಣ್ಣದು, ಬೇಗ ಮುಗಿಸುವಂಥದ್ದು. ‘ಪೊಮೇಸ್’ ಅಂತ ಬರೆದದ್ದು ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ತೆಗೆದು ಶುದ್ಧೀಕರಿಸಿದ ಎಣ್ಣೆ, ಅದಕ್ಕೆ ಆ ಪರಿಮಳ ಬರುವುದಿಲ್ಲ. ಬೀನ್ಸಿಗೆ ಕಡಲೆಕಾಯಿ ಎಣ್ಣೆ ಹಾಕಿದರೂ ಚೆನ್ನಾಗಿಯೇ ಆಗುತ್ತದೆ, ಆದರೆ ಅದು ಬೇರೆ ಅಡುಗೆ. ಒರೆಗಾನೊ ಬದಲು ದೊಡ್ಡಪತ್ರೆ ಹಾಕಬಹುದಾ ಅಂತಲೂ ಕೇಳುತ್ತಾರೆ. ಎರಡರ ಘಮಕ್ಕೂ ಕಾರ್ವಕ್ರಾಲ್ ಎಂಬ ಒಂದೇ ಅಂಶ ಕಾರಣ, ಪ್ರಶ್ನೆ ದಡ್ಡತನದ್ದಲ್ಲ. ನಾನು ಹಾಕಿ ನೋಡಿದೆ, ತಂಬುಳಿಯೇ ನೆನಪಾಯಿತು.

ಮೊನ್ನೆ ಅತ್ತಿಗೆ ಮತ್ತೆ ಫೋನು ಮಾಡಿದ್ದರು. ಬೀನ್ಸು ಮಾಡಿದರಂತೆ, 100 ಎಂಎಲ್ ಧೈರ್ಯ ಸಾಲದೆ 60 ಹಾಕಿದರಂತೆ, ಒಂದು ಗಂಟೆ ಕಾದರಂತೆ, ಆರಿಸಿಯೂ ಇಟ್ಟರಂತೆ. "ಹೇಗಿತ್ತು ಅತ್ತಿಗೆ?" ಅಂದೆ.

"ನಂಗೆ ಲಾಯ್ಕಿತ್ತು. ನಿಮ್ಮಣ್ಣ ಮಾತ್ರ, ಪಲ್ಯಕ್ಕೆ ಕಾಯಿ ಹಾಕೋದು ಮರೆತಿದ್ಯಾ, ಬಿಸಿ ಮಾಡೋದೂ ಮರೆತಿದ್ಯಾ ಅಂದ್ರು."