ಆಂಡಿ ರೂಯಿಜ್ ಅದೃಷ್ಟದಿಂದ ಗೆದ್ದನೇ? ಇದೇ ಕಡೆಯ ಸಲ ಹೇಳುತ್ತಿದ್ದೇನೆ

ಇಲ್ಲ, ಬಾಕ್ಸರ್ ಆಂಡಿ ರೂಯಿಜ್ 2019ರಲ್ಲಿ ವಿಶ್ವ ಚಾಂಪಿಯನ್ ಆಂಟನಿ ಜೋಶುವಾನನ್ನು ಅದೃಷ್ಟದಿಂದ ಗೆದ್ದದ್ದಲ್ಲ. ಅವಸರದಲ್ಲಿರುವವರು ಇಷ್ಟು ಓದಿಕೊಂಡು ಹೊರಡಬಹುದು.

ಉಳಿದವರಿಗೆ ಸ್ವಲ್ಪ ವಿವರ. ನಾನು ಸಂಜೆ ಹೊತ್ತು ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುವವನು. ಈ ಸಂಗತಿ ತಿಳಿದ ಕೂಡಲೇ ಜನರ ಬಾಯಿಂದ ಎರಡು ಪ್ರಶ್ನೆಗಳು ಹೊರಡುತ್ತವೆ. ಮೊದಲನೆಯದು ಮೈಕ್ ಟೈಸನ್ ಎದುರಾಳಿಯ ಕಿವಿ ಕಚ್ಚಿದ ವಿಚಾರ. ಅದಕ್ಕೆ ಉತ್ತರ ಕೊಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಎರಡನೆಯದು ಆಂಡಿ ರೂಯಿಜ್‌ನದು. 'ಅಲ್ಲ, ಅಷ್ಟು ಹೊಟ್ಟೆ ಇಟ್ಟುಕೊಂಡು ಅವನು ಜೋಶುವಾನಂಥವನನ್ನು ಹೇಗೆ ಉರುಳಿಸಿದ? ಏಟು ಹೇಗೋ ತಗುಲಿಬಿಟ್ಟಿತು, ಅಷ್ಟೇ ತಾನೇ?' ಆ ಕೊನೆಯ 'ಅಷ್ಟೇ ತಾನೇ' ಗಮನಿಸಿ. ಉತ್ತರವನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಾರೆ. ನನ್ನಿಂದ ಬೇಕಾಗಿರುವುದು ಬರೀ ರುಜು.

ಪಂದ್ಯ ನೋಡದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. 2019ರ ಜೂನ್ 1ರ ರಾತ್ರಿ, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ನಮಗೆ ಅದು ಭಾನುವಾರ ಬೆಳಗ್ಗೆ. ಒಂದು ಕಡೆ ಬ್ರಿಟನ್ನಿನ ಆಂಟನಿ ಜೋಶುವಾ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೂಪರ್ ಹೆವಿವೇಟ್ ಚಿನ್ನ, ಆಮೇಲೆ ವೃತ್ತಿಪರ ಕಣದಲ್ಲಿ 22 ಪಂದ್ಯ, 22 ಗೆಲುವು, ಅದರಲ್ಲಿ 21 ನಾಕೌಟ್. ವಿಶ್ವ ಚಾಂಪಿಯನ್ ಪಟ್ಟ ಕೊಡುವ ನಾಲ್ಕು ದೊಡ್ಡ ಸಂಸ್ಥೆಗಳ ಪೈಕಿ ಮೂರರ ಬೆಲ್ಟ್ ಅವನ ಬಳಿ. ಆರೂವರೆ ಅಡಿ ಎತ್ತರ, ಜಾಹೀರಾತಿಗೆಂದೇ ಕಡೆದಿಟ್ಟಂಥ ಮೈಕಟ್ಟು. ಅಮೆರಿಕದಲ್ಲಿ ಅವನ ಮೊದಲ ಪಂದ್ಯ ಬೇರೆ. ಎದುರಾಳಿಯಾಗಬೇಕಿದ್ದ ಜರೆಲ್ ಮಿಲ್ಲರ್ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಆಗ ಜೋಶುವಾನ ಪಂದ್ಯಗಳನ್ನು ಏರ್ಪಡಿಸುವ ಎಡ್ಡಿ ಹರ್ನ್‌ಗೆ ಮೊಬೈಲ್‌ನಲ್ಲಿ ಸಂದೇಶ ಕಳಿಸಿ, ಆ ಜಾಗ ನನಗೆ ಕೊಡಿ ಎಂದು ತಾನಾಗಿ ಕೇಳಿದವನು ರೂಯಿಜ್. ಮೆಕ್ಸಿಕೊ ಮೂಲದ ತಂದೆತಾಯಿಗೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಎಂಬ ಊರಿನಲ್ಲಿ ಹುಟ್ಟಿದವನು. ಆರು ಅಡಿ ಎರಡು ಅಂಗುಲ, 268 ಪೌಂಡ್, ನಮ್ಮ ಲೆಕ್ಕದಲ್ಲಿ 121 ಕಿಲೋಗಿಂತ ಹೆಚ್ಚು. ಏಳನೇ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸುವ ಹೊತ್ತಿಗೆ ಜೋಶುವಾ ನಾಲ್ಕು ಸಲ ನೆಲಕ್ಕೆ ಬಿದ್ದಿದ್ದ.

ನಾಲ್ಕು ಸಲ. ಅದೃಷ್ಟ ಒಂದು ಸಲ ಬರುತ್ತದೆ, ಎರಡು ಸಲವೂ ಬರಬಹುದು ಎಂದುಕೊಳ್ಳೋಣ. ಮೂರನೇ ಸುತ್ತಿನಲ್ಲಿ ಎರಡು ಬಾರಿ, ಏಳನೇ ಸುತ್ತಿನಲ್ಲಿ ಎರಡು ಬಾರಿ, ನಡುವೆ ವಿರಾಮ ತೆಗೆದುಕೊಂಡು ಬರುವ ಅದೃಷ್ಟ ಯಾವುದು ಸ್ವಾಮಿ?

ಒಂದೇ ಏಟಿನ ಅಚ್ಚರಿ ಬೇಕಿದ್ದರೆ 2001ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಬ್ರಾಕ್‌ಪಾನ್‌ನಲ್ಲಿ ಹಾಸಿಂ ರಹಮಾನ್ ಆಗಿನ ಹೆವಿವೇಟ್ ಚಾಂಪಿಯನ್ ಲೆನಾಕ್ಸ್ ಲೂಯಿಸ್‌ನನ್ನು ಮಲಗಿಸಿದ್ದನ್ನು ನೋಡಿ. ಐದನೇ ಸುತ್ತು, ಒಂದು ಬಲಗೈ, ಮುಗಿಯಿತು. ಅದೇ ನವೆಂಬರ್‌ನಲ್ಲಿ ಲೂಯಿಸ್ ನಾಲ್ಕೇ ಸುತ್ತಿನಲ್ಲಿ ಬಾಕಿ ತೀರಿಸಿದ. ಅದರ ಬಗ್ಗೆ ಅದೃಷ್ಟದ ಮಾತು ಎತ್ತಿದರೆ ನಾನು ಕೂತು ವಾದಕ್ಕಾದರೂ ಇಳಿಯುತ್ತೇನೆ. 1990ರ ಫೆಬ್ರುವರಿಯಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಟೈಸನ್‌ನನ್ನು ಸೋಲಿಸಿದ್ದು ಬೇರೆಯೇ ಜಾತಿಯದು. ಒಂಬತ್ತು ಸುತ್ತು ಎಡಗೈ ಜ್ಯಾಬ್‌ನಿಂದ, ಅಂದರೆ ನೇರಕ್ಕೆ ಚಾಚುವ ಚುರುಕು ಏಟಿನಿಂದ, ದೂರ ಕಾಯ್ದುಕೊಂಡು, ಎಂಟನೇ ಸುತ್ತಿನಲ್ಲಿ ತಾನೇ ಬಿದ್ದು ಎದ್ದು, ಹತ್ತನೆಯದರಲ್ಲಿ ಕೆಲಸ ಮುಗಿಸಿದ. ರೂಯಿಜ್‌ನ ಗೆಲುವು ಈ ಎರಡನೆಯ ಸಾಲಿಗೆ ಸೇರುತ್ತದೆ. ಆದರೆ ಡಗ್ಲಸ್‌ಗೆ ಉದ್ದ ಕೈಯಿತ್ತು, ಮೈ ನೋಡಲು ಬಾಕ್ಸರ್‌ನಂತೆ ಇತ್ತು. ಹಾಗಾಗಿ ಅವನ ಆಟದ ಬಗ್ಗೆ ಜನ ಸ್ವಲ್ಪ ಮರ್ಯಾದೆಯಿಂದ ಮಾತಾಡುತ್ತಾರೆ. ರೂಯಿಜ್‌ಗೆ ಆ ಭಾಗ್ಯವಿಲ್ಲ.

ಹೆವಿವೇಟ್ ವಿಭಾಗಕ್ಕೆ ತೂಕದ ಮೇಲ್ಮಿತಿಯೇ ಇಲ್ಲ. 2019ರಲ್ಲಿ 200 ಪೌಂಡ್ ದಾಟಿದವರೆಲ್ಲ ಅಲ್ಲಿಗೇ ಸೇರುತ್ತಿದ್ದರು. ಉಳಿದ ವಿಭಾಗಗಳವರು ತಕ್ಕಡಿಗೆ ಹೆದರಿ ಪಂದ್ಯದ ಮುಂಚಿನ ದಿನ ನೀರನ್ನೂ ಬಿಟ್ಟು ಒಣಗಿ ನಿಲ್ಲುತ್ತಾರೆ. ಹೆವಿವೇಟ್‌ನವನಿಗೆ ಆ ಕಾಟವಿಲ್ಲ. ಜಾರ್ಜ್ ಫೋರ್‌ಮನ್ 1994ರಲ್ಲಿ 45ನೇ ವಯಸ್ಸಿಗೆ ಮತ್ತೆ ಚಾಂಪಿಯನ್ ಆದಾಗ ಅವನ ಹೊಟ್ಟೆಯ ಮೇಲೆ ಯಾರೂ ಗೆರೆ ಎಳೆದಂತಹ ಸ್ನಾಯುಗಳನ್ನು ಕಂಡಿರಲಿಲ್ಲ. ಹೊಟ್ಟೆ ಗುದ್ದುವುದಿಲ್ಲ. ಗುದ್ದುವುದು ನೆಲಕ್ಕೆ ಊರಿದ ಪಾದ, ತಿರುಗುವ ಸೊಂಟ, ಅದರ ಹಿಂದೆ ಬರುವ ಭುಜ. ಹೊಟ್ಟೆ ಉಸಿರನ್ನು ಕದಿಯುತ್ತದೆ, ನಿಜ. ಅದು ಹತ್ತನೇ ಸುತ್ತಿನ ಸಮಸ್ಯೆ. ಮೂರನೇ ಸುತ್ತಿನದಲ್ಲ.

ಒಂದು ಮದುವೆಯ ಊಟದ ಪಂಕ್ತಿಯನ್ನು ಇಲ್ಲಿ ಹೇಳಲೇಬೇಕು. ದಾವಣಗೆರೆಯ ಕಡೆಯ ಬೀಗರು. ಎದುರು ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಪರಿಚಯವಾದ ಕೂಡಲೇ ಅದೇ ಪ್ರಶ್ನೆ ಎತ್ತಿದರು. ಎತ್ತಿದ್ದು ಮಾತ್ರವಲ್ಲ, ಪಕ್ಕದಲ್ಲಿ ಕುಳಿತಿದ್ದ ತಮ್ಮ ಅಣ್ಣನ ಮಗನ ಬೆನ್ನು ತಟ್ಟಿ, 'ಹಾಗಿದ್ದರೆ ನಮ್ಮ ಇವನೂ ವಿಶ್ವ ಚಾಂಪಿಯನ್ ಆಗಬಹುದಲ್ಲವೇ?' ಎಂದರು. ಪಂಕ್ತಿ ನಕ್ಕಿತು. ಹುಡುಗ ದಪ್ಪಗಿದ್ದ. ತಲೆ ಎತ್ತದೆ ಕೋಸಂಬರಿಯನ್ನು ಎಲೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಿದ. ಅಲ್ಲಿಯವರೆಗೆ ನನಗೆ ಬೇಸರವಿತ್ತು, ಅಲ್ಲಿಂದ ಮುಂದೆ ಸಿಟ್ಟು ಬಂತು. 'ಊಟ ಇನ್ನೂ ಬಡಿಸುತ್ತಿದ್ದಾರೆ. ಅಷ್ಟರಲ್ಲಿ ನೀವು ಎರಡೂ ಮುಷ್ಟಿಗಳನ್ನು ಕೆನ್ನೆಗೆ ತಾಗಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ ಮೂರು ನಿಮಿಷ ಹಿಡಿದಿರಿ. ಏಟು ಕೊಡುವುದು ಬೇಡ, ಸುಮ್ಮನೆ ಹಿಡಿದಿರಿ. ಆಮೇಲೆ ಉತ್ತರ ಹೇಳುತ್ತೇನೆ' ಎಂದೆ. ಮನುಷ್ಯ ಹಟಮಾರಿ, ಹಿಡಿದೇಬಿಟ್ಟರು. ಸ್ವಲ್ಪ ಹೊತ್ತಿಗೆ ಮೊಣಕೈ ಹೊರಗೆ ಬಂತು, ಆಮೇಲೆ ಮುಷ್ಟಿ ಗದ್ದಕ್ಕಿಳಿಯಿತು, ಅಲ್ಲಿಂದ ಎದೆಗೆ. ಹೋಳಿಗೆ ಬಂದದ್ದೇ ನೆಪವಾಗಿ ಕೈ ಕೆಳಗಿಟ್ಟರು. ಕೈ ಎತ್ತಿ ಇಟ್ಟುಕೊಳ್ಳುವುದೇ ಒಂದು ವಿದ್ಯೆ ಎಂದು ಹೇಳಿದೆ. ಅವರು ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ. ಬೀಗರ ಕಡೆಯಿಂದ ದೂರು ಬಂತು ಎಂದು ಮನೆಯಲ್ಲಿ ಹೇಳಿದರು, ಬರಲಿ.

ಈಗ ಆ ಮೂರನೇ ಸುತ್ತಿಗೆ ಬನ್ನಿ, ಏಕೆಂದರೆ ಎಲ್ಲವೂ ಅಲ್ಲೇ ಇದೆ. ಮೊದಲು ಬಿದ್ದವನು ರೂಯಿಜ್. ಜೋಶುವಾನ ಎಡ ಹುಕ್, ಅಂದರೆ ಕೈ ಬಾಗಿಸಿ ಪಕ್ಕದಿಂದ ಹೊಡೆಯುವ ಏಟು, ಸರಿಯಾಗಿ ಕುಳಿತಿತು. ವೃತ್ತಿಜೀವನದಲ್ಲಿ ಅಲ್ಲಿಯವರೆಗೆ ನೆಲ ಕಾಣದ ಮನುಷ್ಯ ಕುಸಿದು, ಎದ್ದ. ಎದ್ದವನ ಮುಖದಲ್ಲಿ ಗಾಬರಿ ಇರಲಿಲ್ಲ, ಯಾರೋ ಸಾಲ ವಾಪಸು ಕೊಡದೆ ಸತಾಯಿಸಿದಾಗ ಬರುವಂಥ ಕಿರಿಕಿರಿ ಇತ್ತು. ಜೋಶುವಾ ಮುಗಿಸಿಬಿಡೋಣವೆಂದು ನುಗ್ಗಿದ. ಅಲ್ಲೇ ಲೆಕ್ಕ ತಿರುಗಿದ್ದು. ಅವನ ತೋಳುಗಳ ಚಾಚು 82 ಅಂಗುಲ, ರೂಯಿಜ್‌ನದು 74. ದೂರದಲ್ಲಿ ನಿಂತರೆ ಆ ಎಂಟು ಅಂಗುಲ ಜೋಶುವಾನ ಆಸ್ತಿ. ಮೈಗೆ ಮೈ ತಾಗುವಷ್ಟು ಹತ್ತಿರ ಬಂದರೆ ಅದೇ ಹೊರೆ, ಏಕೆಂದರೆ ಉದ್ದ ಕೈ ಹೋಗಿ ಹಿಂದಿರುಗಲು ಹೆಚ್ಚು ದಾರಿ ಸವೆಸಬೇಕು. ರೂಯಿಜ್‌ನ ಕೈ ಮೊಟಕು. ಹೋದಷ್ಟೇ ವೇಗವಾಗಿ ಕೆನ್ನೆಗೆ ವಾಪಸು ಬರುತ್ತದೆ, ಬಂದ ಕೂಡಲೇ ಮತ್ತೆ ಹೊರಡುತ್ತದೆ. ಒಬ್ಬ ಎರಡು ಹೊಡೆಯುವಷ್ಟರಲ್ಲಿ ಇನ್ನೊಬ್ಬ ಮೂರನೆಯದನ್ನು ಕಳಿಸಿರುತ್ತಾನೆ. ಇಬ್ಬರೂ ಒಟ್ಟಿಗೆ ಕೈ ಬೀಸಿದ ಆ ಗಳಿಗೆಯಲ್ಲಿ ರೂಯಿಜ್‌ನ ಎಡ ಹುಕ್ ಜೋಶುವಾನ ದವಡೆಗಲ್ಲ, ಮೇಲೆ ತಲೆಯ ಬದಿಗೆ ತಗುಲಿತು. ದವಡೆಗೆ ಬಿದ್ದ ಏಟು ದೀಪ ಆರಿಸುತ್ತದೆ, ಅಲ್ಲಿಗೆ ಬಿದ್ದದ್ದು ಸಮತೋಲ ಕೆಡಿಸುತ್ತದೆ. ತಲೆಯೊಳಗೆ ಎಚ್ಚರವಿದೆ, ಕಾಲು ಮಾತು ಕೇಳುವುದಿಲ್ಲ. ಜೋಶುವಾನ ಕಾಲುಗಳನ್ನೇ ನೋಡಿ, ಮಿಕ್ಕ ಪಂದ್ಯವಿಡೀ ಅವು ಅವನವಾಗಿ ಮರಳಲಿಲ್ಲ.

ಇದು ಹೇಗೋ ತಗುಲಿದ ಏಟಲ್ಲ. ಎದುರಾಳಿ ಹೊಡೆಯುವಾಗಲೇ ಹೊಡೆಯುವುದು, ಅದೂ ಆಗ ತಾನೇ ಬಿದ್ದು ಎದ್ದ ಮೇಲೆ ಕಣ್ಣು ಮುಚ್ಚದೆ ಹೊಡೆಯುವುದು, ರೂಯಿಜ್ ಹುಡುಗನಾಗಿದ್ದಾಗಿನಿಂದ ಮಾಡಿಕೊಂಡು ಬಂದ ಕೆಲಸ. 2016ರಲ್ಲಿ ಆಕ್ಲೆಂಡ್‌ನಲ್ಲಿ ಜೋಸೆಫ್ ಪಾರ್ಕರ್‌ಗೆ ಸೋತದ್ದೊಂದೇ ಅವನ ಆವರೆಗಿನ ಸೋಲು. ಅದೂ ಪಾರ್ಕರ್‌ನ ತವರು ನೆಲದಲ್ಲಿ, ಮೂವರು ತೀರ್ಪುಗಾರರಲ್ಲಿ ಒಬ್ಬರು ಸಮ ಎಂದಿದ್ದ ಪಂದ್ಯದಲ್ಲಿ. ಜೋಶುವಾನ ಎದುರು ನಿಲ್ಲುವುದಕ್ಕೆ ಆರು ವಾರ ಮೊದಲು, ಏಪ್ರಿಲ್ 20ರಂದು, ಇನ್ನೊಬ್ಬ ಆಜಾನುಬಾಹುವನ್ನು ಐದು ಸುತ್ತಿನಲ್ಲಿ ಮನೆಗೆ ಕಳಿಸಿ ಬಂದಿದ್ದ. ಸೋಫಾದಿಂದ ಎಬ್ಬಿಸಿ ತಂದ ಮನುಷ್ಯನಲ್ಲ ಅವನು. ಇದೆಲ್ಲ ಗುಟ್ಟೇನೂ ಆಗಿರಲಿಲ್ಲ. ಯಾರೂ ನೋಡಲಿಲ್ಲ, ಏಕೆಂದರೆ ಹೊಟ್ಟೆ ಅಡ್ಡ ಬಂತು.

ಜೋಶುವಾ ಸೋತ ಆ ಭಾನುವಾರವೇ ಸಂಜೆ ಲಂಡನ್ನಿನ ಓವಲ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಪಂದ್ಯ. ಬಾಂಗ್ಲಾದೇಶ ದಕ್ಷಿಣ ಆಫ್ರಿಕಾವನ್ನು 21 ರನ್‌ಗಳಿಂದ ಸೋಲಿಸಿತು. ಮರುದಿನ ಸಿಕ್ಕವರೆಲ್ಲ ಅದನ್ನು ಬಾಯಿ ತುಂಬ ಹೊಗಳಿದರು. ಶಕೀಬ್ ಎಷ್ಟು ಚೆನ್ನಾಗಿ ಆಡಿದ, ಮುಸ್ತಫಿಜುರ್ ಎಷ್ಟು ಚೆನ್ನಾಗಿ ಎಸೆದ ಎಂದರು. ಅದೇ ಬಾಯಿಗಳು ರೂಯಿಜ್‌ನ ವಿಷಯಕ್ಕೆ ಬಂದಾಗ ಅವನು ತಿನ್ನುವ ಚಾಕೊಲೇಟಿನ ಹೆಸರು ಹೇಳಿ ನಕ್ಕವು.

ಇನ್ನು ವಿಡಿಯೊ ನೋಡಿ ಪಂಡಿತರಾದವರ ಪ್ರಶ್ನೆ ಬೇರೆ ಬಗೆಯದು. 'ಜೋಶುವಾಗೆ ಪಂದ್ಯಕ್ಕೆ ಮುಂಚೆ ಏನೋ ಆಗಿತ್ತಂತೆ, ತರಬೇತಿಯಲ್ಲಿ ಪೆಟ್ಟಾಗಿತ್ತಂತೆ.' ಎಲ್ಲವೂ 'ಅಂತೆ'. ಸೋತ ಜೋಶುವಾ ರಿಂಗ್‌ನಲ್ಲೇ ರೂಯಿಜ್‌ನನ್ನು ಅಭಿನಂದಿಸಿದ. ಸೋತವನಿಗಿಲ್ಲದ ನೆಪ ನಿಮಗೇಕೆ?

ಆದರೆ ಒಂದು ಮಾತು ಒಪ್ಪಬೇಕು. ನನ್ನ ವಾದದ ಮೊದಲ ಶತ್ರು ಸ್ವತಃ ರೂಯಿಜ್. ಅದೇ ವರ್ಷದ ಡಿಸೆಂಬರ್ 7ರಂದು ಸೌದಿ ಅರೇಬಿಯಾದ ದಿರಿಯಾದಲ್ಲಿ ನಡೆದ ಮರುಪಂದ್ಯದಲ್ಲಿ ಅವನು ಸೋತ. ಅವನು ತಕ್ಕಡಿ ಏರಿದಾಗ 283 ಪೌಂಡ್, ಮೊದಲಿಗಿಂತ 15 ಹೆಚ್ಚು. ನಾನು ಇಲ್ಲಿ ಅವನ ಪರವಾಗಿ ಬಂಧುಬಳಗದ ಜೊತೆ ಜಗಳ ಕಾಯುತ್ತಿದ್ದರೆ ಅವನು ಅಲ್ಲಿ ಮೂರು ತಿಂಗಳು ಹಬ್ಬ ಮಾಡಿದ್ದ. ಪಂದ್ಯದ ನಂತರ ಅವನೇ ಅದನ್ನು ಹೇಳಿಕೊಂಡ. 'ನೋಡಿದಿರಾ, ನಾವು ಹೇಳಿರಲಿಲ್ಲವೇ' ಎಂದು ಎಲ್ಲರೂ ಎದ್ದು ನಿಂತರು. ಏನು ಹೇಳಿದ್ದಿರಿ? ಆಟ ಗೊತ್ತಿಲ್ಲ ಎಂದಿದ್ದಿರಿ. ಆಟ ಗೊತ್ತಿದ್ದವನು ಅಭ್ಯಾಸ ಬಿಟ್ಟರೆ ಸೋಲುತ್ತಾನೆ ಎಂದಿರಲಿಲ್ಲ. ಎರಡೂ ಒಂದೇ ಅಲ್ಲ.

ನಿಜವಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಆ ದಿರಿಯಾದ ರಾತ್ರಿಯದು. ಜೋಶುವಾ ಅಲ್ಲಿ ಏನು ಮಾಡಿದ ಎಂದು ಯಾರೂ ಕೇಳುವುದಿಲ್ಲ. 'ಓಡಾಡಿಕೊಂಡು ಗೆದ್ದ, ಬೋರು' ಎಂದು ಕೈ ಝಾಡಿಸುತ್ತಾರೆ. ಆ ಬೋರಿನ ಬಗ್ಗೆ ನಾನು ರಾತ್ರಿಯಿಡೀ ಮಾತಾಡಬಲ್ಲೆ. ನಾಲ್ಕು ಸಲ ಬಿದ್ದು ಆರು ತಿಂಗಳಾಗಿತ್ತು, ಅಷ್ಟೇ. ಅವನು ಹತ್ತು ಪೌಂಡ್ ಇಳಿಸಿ, 237ಕ್ಕೆ ಬಂದು ನಿಂತ. ಜಾಹೀರಾತಿನ ಆ ಮೈಯನ್ನು ತಾನೇ ಕರಗಿಸಿದ್ದ. ಮೊದಲ ಸುತ್ತಿನಲ್ಲೇ ಬಲಗೈಯಿಂದ ರೂಯಿಜ್‌ನ ಎಡಗಣ್ಣಿನ ಬಳಿ ಚರ್ಮ ಸೀಳಿದ. ಹಳೆಯ ಜೋಶುವಾ ಆಗಿದ್ದರೆ ರಕ್ತ ಕಂಡು ನುಗ್ಗುತ್ತಿದ್ದ. ಇವನು ಒಂದು ಹೆಜ್ಜೆ ಹಿಂದೆ ಸರಿದ. ಎಡಗೈ ಚಾಚು, ಪಕ್ಕಕ್ಕೆ ಸರಿ, ಮತ್ತೆ ಚಾಚು. ರೂಯಿಜ್ ಒಳಗೆ ಬಂದರೆ ತಬ್ಬಿಕೋ, ರೆಫರಿ ಬಿಡಿಸಿದ ಮೇಲೆ ಮತ್ತೆ ದೂರ. ಹನ್ನೆರಡು ಸುತ್ತು ಒಂದೇ ಒಂದು ಸಲವೂ ಆ ಮೂರನೇ ಸುತ್ತಿನಂಥ ಕೊಡು ಕೊಳ್ಳು ವ್ಯವಹಾರಕ್ಕೆ ನಿಲ್ಲಲಿಲ್ಲ. ರೂಯಿಜ್ ಕೈ ಬೀಸಿ ಕರೆದ, ಬಾ ಎಂದ. ಹೋಗಲಿಲ್ಲ. ಮೂವರು ತೀರ್ಪುಗಾರರ ಅಂಕಗಳೂ ಜೋಶುವಾನ ಪರ: 118-110, 118-110, 119-109. ನಾಕೌಟ್‌ಗೇ ಹೆಸರಾದವನು, ಜಗತ್ತೆಲ್ಲ ಸೇಡಿನ ನಾಕೌಟ್ ಕಾಯುತ್ತಿದ್ದಾಗ, ಪ್ರೇಕ್ಷಕರಿಗೆ ಆಕಳಿಕೆ ಬರಿಸಿ ಬೆಲ್ಟ್ ವಾಪಸು ತಂದ. ನನ್ನ ಹುಡುಗರಿಗೆ ನಾನು ತೋರಿಸುವುದು ಈ ಪಂದ್ಯವನ್ನು. ಅವರೂ ಆಕಳಿಸುತ್ತಾರೆ.

ಮತ್ತೆ, ರೂಯಿಜ್‌ಗೆ ಆಟ ಬರುತ್ತಿರಲಿಲ್ಲ ಎಂದಾದರೆ ಒಲಿಂಪಿಕ್ ಚಿನ್ನ ಗೆದ್ದವನು ಅವನ ಹತ್ತಿರ ನಿಲ್ಲಲು ಹನ್ನೆರಡು ಸುತ್ತು ಏಕೆ ಹೆದರಿದ? ಇದಕ್ಕೆ ಉತ್ತರ ನೀವು ಕೊಡಿ, ನಾನು ಕೇಳಿಸಿಕೊಳ್ಳುತ್ತೇನೆ.

ಅಲ್ಲಿಂದಾಚೆ ರೂಯಿಜ್ ಆಗೊಮ್ಮೆ ಈಗೊಮ್ಮೆ ಕಣಕ್ಕಿಳಿದಿದ್ದಾನೆ. 2021ರಲ್ಲಿ ಕ್ರಿಸ್ ಅರ್ರೆಯೋಲಾ ಎದುರು ಬಿದ್ದು ಎದ್ದು ಗೆದ್ದ. 2022ರಲ್ಲಿ ಲೂಯಿಸ್ ಓರ್ಟಿಜ್‌ನನ್ನು ಮೂರು ಸಲ ಬೀಳಿಸಿದ. ಕೈಯ ವೇಗ ಹೋಗಿರಲಿಲ್ಲ. ಮತ್ತೆ 2024ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಯಾರ ಬದಲಿಗೆ ಹೋಗಿ ಚಾಂಪಿಯನ್ ಆಗಿದ್ದನೋ ಅದೇ ಜರೆಲ್ ಮಿಲ್ಲರ್ ಎದುರು ಕೊನೆಗೂ ನಿಂತ. ಮಿಲ್ಲರ್ 300 ಪೌಂಡ್ ದಾಟಿದ್ದ, ರೂಯಿಜ್ 270 ದಾಟಿದ್ದ. ಪಂದ್ಯ ಡ್ರಾ ಆಯಿತು. ಅದನ್ನು ನೋಡಿ ನನ್ನ ಅಭಿಪ್ರಾಯವೇನು ಎಂದು ನೀವು ಕೇಳುವುದಾದರೆ, ಇಬ್ಬರೂ ಸ್ವಲ್ಪ ಹೊಟ್ಟೆ ಕರಗಿಸಬೇಕಿತ್ತು.