ಆರನೇ ಹೆನ್ರಿ ಕೆಟ್ಟದ್ದು ಹುಚ್ಚಿನಿಂದಲೇ?

15ನೇ ಶತಮಾನದ ಇಂಗ್ಲೆಂಡಿನ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ: "ಆರನೇ ಹೆನ್ರಿಗೆ ಬುದ್ಧಿಭ್ರಮಣೆ ಆಗದೇ ಇದ್ದಿದ್ದರೆ ಸಿಂಹಾಸನ ಉಳಿಯುತ್ತಿತ್ತೇ?" ಕಷ್ಟವಿತ್ತು. ಅವನ ಮನಸ್ಸು ಕದಡಿದ್ದು 1453ರ ಆಗಸ್ಟ್‌ನಲ್ಲಿ. ಬೊಕ್ಕಸ ಬರಿದಾದದ್ದು ಅದಕ್ಕೂ ಎಷ್ಟೋ ಮೊದಲು.

1433ರಲ್ಲಿ ಖಜಾಂಚಿ ರಾಲ್ಫ್ ಕ್ರಾಮ್‌ವೆಲ್ ಲೆಕ್ಕ ತೆಗೆದಾಗ ಸಾಲ ಸುಮಾರು 1,68,000 ಪೌಂಡ್. 1450ರ ಹೊತ್ತಿಗೆ ಪಾರ್ಲಿಮೆಂಟ್ ಕೇಳಿದ ಅಂಕಿ 3,72,000. ಅರಮನೆಯ ಖರ್ಚು ವರ್ಷಕ್ಕೆ 24,000, ರಾಜನ ಖಾಯಂ ಹುಟ್ಟುವಳಿ ಬರೀ 5,000 ಎಂದೂ ಅಲ್ಲಿ ಹೇಳಲಾಯಿತು. ಫ್ರಾನ್ಸಿನ ಯುದ್ಧ ನುಂಗಿದ್ದು ಸರಿ, ಆದರೆ ಹೆನ್ರಿ ಕೇಳಿದವರಿಗೆಲ್ಲ ಜಮೀನು, ವರ್ಷಾಶನ ಬರೆದುಕೊಡುತ್ತಿದ್ದ.

ಸಾಲ ಯಾವ ರಾಜನಿಗಿರಲಿಲ್ಲ? ಕೆಡಿಸಿದ್ದು ಸಾಲ ತೀರಿಸುವ ರೀತಿ. ಖಜಾನೆ ನಗದು ಎಣಿಸುತ್ತಿದ್ದದ್ದು ಕಡಿಮೆ. ಹೇಜಲ್ ಮರದ ಕಡ್ಡಿಯಲ್ಲಿ ಮೊತ್ತಕ್ಕೆ ತಕ್ಕ ಕಚ್ಚು ಹಾಕುತ್ತಿದ್ದರು: 1,000 ಪೌಂಡಿಗೆ ಅಂಗೈ ದಪ್ಪ, 100ಕ್ಕೆ ಹೆಬ್ಬೆರಳಷ್ಟು, 20ಕ್ಕೆ ಕಿರುಬೆರಳಷ್ಟು. ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಹೋಳನ್ನು ಹಣ ಬರಬೇಕಾದವನಿಗೆ ಕೊಡುವುದು. ಅವನು ಅದನ್ನು ಹಿಡಿದು ಸೌತಾಂಪ್ಟನ್ನಿನಂಥ ಬಂದರಿನ ಸುಂಕದ ಅಧಿಕಾರಿಯ ಬಳಿ ವಸೂಲಿಗೆ ಹೋಗಬೇಕು. ಅಲ್ಲಿಯ ಸುಂಕ ಆಗಲೇ ಬೇರೆ ಕಡ್ಡಿಗಳಿಗೆ ಸಂದಿದ್ದರೆ ಬರಿಗೈ. ಮರಳಿ ಖಜಾನೆಯಿದ್ದ ವೆಸ್ಟ್‌ಮಿನ್‌ಸ್ಟರಿಗೆ ಬಂದರೆ ಗುಮಾಸ್ತರು ಆ ಮೊತ್ತವನ್ನು ಅವನೇ ರಾಜನಿಗೆ ಕೊಟ್ಟ 'ಸಾಲ' ಎಂದು ಬರೆದುಕೊಳ್ಳುತ್ತಿದ್ದರು! ಬೌನ್ಸ್ ಆದ ಚೆಕ್ ತಂದವನನ್ನೇ ಬ್ಯಾಂಕಿನ ಠೇವಣಿದಾರನನ್ನಾಗಿ ಮಾಡಿದಂತೆ.

ಯಾರ ಕಡ್ಡಿಗೆ ಮೊದಲು ಹಣ ಎಂಬುದು ಆಸ್ಥಾನದಲ್ಲಿ ಯಾರ ಮಾತು ನಡೆಯುತ್ತದೆ ಎಂಬುದಕ್ಕೆ ಗಂಟುಬಿತ್ತು. ಅಲ್ಲಿಂದಲೇ ಬಾಕಿ ಹಗೆಯಾಯಿತು. 1443ರಲ್ಲಿ ಫ್ರಾನ್ಸಿನ ನಾರ್ಮಂಡಿ ಕಾಯುತ್ತಿದ್ದ ಯಾರ್ಕ್‌ನ ಡ್ಯೂಕ್ ರಿಚರ್ಡ್‌ಗೆ ತಾಳ್ಮೆಯಿಂದಿರು ಎಂದ ಆಸ್ಥಾನ, ಸಾಮರ್‌ಸೆಟ್‌ನ ಜಾನ್ ಬೋಫರ್ಟ್‌ನ ದಂಡಯಾತ್ರೆಗೆ ಮಾತ್ರ ಹಣ ಹೊಂದಿಸಿತು. ಯಾರ್ಕ್‌ನ ಬಾಕಿ ಕೊನೆಗೆ ಸುಮಾರು 38,000 ಪೌಂಡಿಗೆ ಮುಟ್ಟಿತು. ಅವನಿಗೆ ಬೋಫರ್ಟ್ ಮನೆತನ ಕಣ್ಣಿಗೆ ಬಿದ್ದರಾಗದು ಎನ್ನುವಂತಾದದ್ದು ಬರೀ ವಂಶದ ಜಂಬದಿಂದಲ್ಲ.

ಫ್ರೆಂಚ್ ಕರಾವಳಿಯಲ್ಲಿ ಇಂಗ್ಲಿಷರ ಕೈಯಲ್ಲಿ ಉಳಿದಿದ್ದ ಕ್ಯಾಲೆ ಕೋಟೆಯ ಕಥೆ ಇನ್ನೂ ನೇರ. ಸಂಬಳ ಸಿಗದ ಕಾವಲು ಪಡೆ 1454ರಲ್ಲಿ ದಂಗೆಯೆದ್ದು ವರ್ತಕರ ಉಣ್ಣೆಯನ್ನೇ ವಶಪಡಿಸಿಕೊಂಡಿತು. ಕೊನೆಗೆ ಉಣ್ಣೆ ವರ್ತಕರೇ ಸಾಲ ಕೊಟ್ಟು ಬಾಕಿ ತೀರಿದ ಮೇಲೆ, 1456ರಲ್ಲಿ, ಹೊಸ ಕ್ಯಾಪ್ಟನ್, ಯಾರ್ಕ್‌ನ ಪಕ್ಷದ ಅರ್ಲ್ ವಾರಿಕ್‌ಗೆ ಕೋಟೆಯ ಬಾಗಿಲು ತೆರೆಯಿತು. ಖಜಾನೆ ಅವನಿಗೂ ಸರಿಯಾಗಿ ಕೊಡಲಿಲ್ಲ. 1458ರಲ್ಲಿ ಅವನು ಇಂಗ್ಲಿಷ್ ಕಡಲ್ಗಾಲುವೆಯ ಹಡಗುಗಳನ್ನು ದೋಚತೊಡಗಿದ. ಪಡೆ ಈಗ ಅವನದು. 1460ರ ಜೂನ್‌ನಲ್ಲಿ ವಾರಿಕ್ ಕ್ಯಾಲೆಯಿಂದಲೇ ಇಂಗ್ಲೆಂಡಿನ ಸ್ಯಾಂಡ್‌ವಿಚ್ ಬಂದರಿಗೆ ದಾಟಿದ, ಜುಲೈ 10ರಂದು ನಾರ್ತಾಂಪ್ಟನ್‌ನಲ್ಲಿ ರಾಜನನ್ನು ಸೆರೆಹಿಡಿದ.