ಹುಳುಕಡ್ಡಿಯಲ್ಲ, ಸೋರಿಯಾಸಿಸ್

ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಮೊಣಕೈ ಮೇಲೆ ಬಿಳಿ ಹೊಟ್ಟು ಎದ್ದರೆ ಎಷ್ಟೋ ಜನ ಮೊದಲು ಹೋಗುವುದು ಬೀದಿ ಕೊನೆಯ ಮೆಡಿಕಲ್ ಸ್ಟೋರಿಗೆ. ಹುಳುಕಡ್ಡಿ ಔಷಧಿಯ ಜೊತೆ ಸ್ಟಿರಾಯ್ಡ್ ಬೆರೆತ ಟ್ಯೂಬು ಕೈಗೆ ಬರುತ್ತದೆ. ಹಚ್ಚಿದಷ್ಟು ದಿನ ತಗ್ಗುತ್ತದೆ, ಬಿಟ್ಟೊಡನೆ ಮರಳುತ್ತದೆ. ಹುಳುಕಡ್ಡಿ ಶಿಲೀಂಧ್ರದ ಸೋಂಕು. ಈ ಹೊಟ್ಟು ಸೋರಿಯಾಸಿಸ್ ಎಂಬ ಚರ್ಮರೋಗದ್ದಾಗಿರಬಹುದು, ಅದು ಸೋಂಕೇ ಅಲ್ಲ. ಮುಟ್ಟಿದರೂ, ಒಂದೇ ಟವೆಲ್ ಬಳಸಿದರೂ ಅಂಟುವುದಿಲ್ಲ. ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡುವುದು ಶುದ್ಧ ಅನ್ಯಾಯ.

ಚರ್ಮದ ಕೋಶ ತಳದಲ್ಲಿ ಹುಟ್ಟಿ ಮೇಲೆ ಬಂದು ಉದುರಲು ಸುಮಾರು 28 ದಿನ ಬೇಕು. ಸೋರಿಯಾಸಿಸ್‌ನಲ್ಲಿ ರೋಗನಿರೋಧಕ ವ್ಯವಸ್ಥೆ ಕೆರಳಿ ಅಷ್ಟೂ ಕೆಲಸ 3ರಿಂದ 5 ದಿನದಲ್ಲಿ ಮುಗಿದು, ಬಲಿಯದ ಕೋಶಗಳು ಪದರ ಪದರವಾಗಿ ಕೂರುತ್ತವೆ. ಹುಳುಕಡ್ಡಿಯಲ್ಲಿ ಸಾಮಾನ್ಯವಾಗಿ ಅಂಚು ಉಬ್ಬಿ ನಡು ತಿಳಿಯಾಗುತ್ತದೆ. ಇಲ್ಲಿ ಇಡೀ ಮಚ್ಚೆಯ ಮೇಲೆ ಬೆಳ್ಳಿ ಬಣ್ಣದ ಹೊಟ್ಟು. ಕೆರೆದು ತೆಗೆದರೆ ಅಡಿಯಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು. ನಮ್ಮ ಮೈಬಣ್ಣದಲ್ಲಿ ಮಚ್ಚೆ ಕೆಂಪಗಿರದೆ ನೇರಳೆ ಅಥವಾ ಕಡುಗಂದಾಗಿಯೂ ಕಾಣಬಹುದು.

ಇದು ಪ್ಲೇಕ್ ಬಗೆ, ಹೆಚ್ಚಿನವರಿಗೆ ಇರುವುದು ಇದೇ. ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಗಂಟಲುನೋವು ಬಂದ 2-3 ವಾರಕ್ಕೆ ಮೈತುಂಬ ಹನಿಹನಿಯಾಗಿ ಏಳುವುದು ಗಟೇಟ್. ಕಂಕುಳು, ತೊಡೆಸಂದಿಯದು ಇನ್‌ವರ್ಸ್; ಹೊಟ್ಟು ಅಷ್ಟಾಗಿ ಇರದ ಕಾರಣ ಗುರುತು ತಪ್ಪುವುದು ಇಲ್ಲೇ ಹೆಚ್ಚು. ಮೈಯೆಲ್ಲ ಕೆಂಪಾಗಿ ಹೊಟ್ಟು ಉದುರಿ ಚಳಿಜ್ವರ ಬಂದರೆ, ಇಲ್ಲವೇ ಕೀವುಗುಳ್ಳೆಗಳು ಮೈಗೆಲ್ಲ ಹರಡಿದರೆ, ಅದೇ ದಿನ ಆಸ್ಪತ್ರೆ ಸೇರಬೇಕು. ಸ್ಟಿರಾಯ್ಡ್ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದಾಗಲೂ ಹೀಗಾಗಬಹುದು. ಸೋರಿಯಾಸಿಸ್‌ಗೆಂದು ಆ ಮಾತ್ರೆ, ಇಂಜೆಕ್ಷನ್ ಕೇಳಿ ಪಡೆಯಬೇಡಿ.

ಒಲವು ವಂಶವಾಹಿಯಲ್ಲಿರುತ್ತದೆ, ಕೆರಳಿಸುವುದು ಬೇರೆ: ಸಿಗರೇಟು, ಮದ್ಯ, ಮಾನಸಿಕ ಒತ್ತಡ, ಒಣಹವೆ, ಮನೋರೋಗಕ್ಕೆ ಕೊಡುವ ಲಿಥಿಯಂ, ಮಲೇರಿಯಾದ ಕ್ಲೋರೋಕ್ವಿನ್, ಬಿಪಿಯ ಕೆಲವು ಮಾತ್ರೆ (ನೀವಾಗಿ ಬಿಡಬೇಡಿ, ವೈದ್ಯರಿಗೆ ಹೇಳಿ). ಚರ್ಮಕ್ಕೆ ಪೆಟ್ಟಾದ ಜಾಗದಲ್ಲಿ ಸಾಮಾನ್ಯವಾಗಿ 10-20 ದಿನದಲ್ಲಿ ಹೊಸ ಮಚ್ಚೆ ಬರಬಹುದು. ಸ್ನಾನದಲ್ಲಿ ಕಲ್ಲು ಹಾಕಿ ಉಜ್ಜುವುದು ಅದಕ್ಕೇ ಬೇಡ.

ಗೀಸರಿನ ಸುಡುನೀರು ಬಿಟ್ಟು ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ. ಮೈ ಒತ್ತಿ ಒರೆಸಿ, ತೇವ ಆರುವ ಮೊದಲೇ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿಎಣ್ಣೆ ಹಚ್ಚಿ. ವೈದ್ಯರು ಬರೆದ ಕ್ರೀಮಿನ ಅಳತೆ: ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಒಂದು ಗೆರೆ, ಸುಮಾರು ಅರ್ಧ ಗ್ರಾಂ. ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು.

ಸೋರಿಯಾಸಿಸ್ ಕೀಲಿಗೂ ಇಳಿಯಬಹುದು. ಉಗುರಿನಲ್ಲಿ ಚುಕ್ಕಿ ಗುಳಿ ಬಿದ್ದು, ಬೆಳಿಗ್ಗೆ ಬೆರಳ ಗಂಟುಗಳು ಅರ್ಧ ಗಂಟೆಗೂ ಮೀರಿ ಬಿಗಿದುಕೊಂಡಿದ್ದರೆ ಸಂಧಿವಾತದ ತಜ್ಞರನ್ನೂ ಕಾಣಿ. ತಡವಾದರೆ ಕೀಲು ಸವೆಯುತ್ತದೆ, ಸವೆದದ್ದು ಸರಿಹೋಗುವುದಿಲ್ಲ.